ಗಂಡು ಹಣ್ಣಿನೊಣದ ಸಹಾಯಕ ಗ್ರಂಥಿ: ತುದಿಯ ಕೋಶ ಒಡೆಯದಂತೆ ನೋಡುವುದು ಹೇಗೆ

ಡ್ರೊಸೊಫಿಲಾ ಮೆಲನೊಗ್ಯಾಸ್ಟರ್ ಎಂಬ ಹಣ್ಣಿನೊಣದ ಗಂಡಿನಲ್ಲಿ ವೀರ್ಯದ ದ್ರವ ಸ್ರವಿಸುವ ಸಹಾಯಕ ಗ್ರಂಥಿಗೆ ಎರಡು ಹಾಲೆ, ಅಂದರೆ ಚೀಲದಂಥ ಭಾಗ. ಒಂದೊಂದರಲ್ಲೂ ಒಂದೇ ಪದರದಲ್ಲಿ ಸುಮಾರು 1000 ಸ್ರವಿಸುವ ಕೋಶಗಳು, ಹೊರಗೆ ತೆಳು ಸ್ನಾಯುವಿನ ಹೊದಿಕೆ. ಶೇ. 96ರಷ್ಟು ಚಪ್ಪಟೆಯಾದ, ಆರು ಮೂಲೆಯ ಮುಖ್ಯ ಕೋಶಗಳು. ಕೂಡಿದ ಹೆಣ್ಣು ಮತ್ತೆ ಗಂಡನ್ನು ಹತ್ತಿರ ಬಿಟ್ಟುಕೊಳ್ಳದಂತೆ ಮಾಡುವ ಸೆಕ್ಸ್ ಪೆಪ್ಟೈಡ್ ತಯಾರಾಗುವುದು ಇವುಗಳಲ್ಲೇ. ಉಳಿದ ನಲವತ್ತರಷ್ಟು ದ್ವಿತೀಯಕ ಕೋಶಗಳು ಹಾಲೆಯ ತುದಿಯಲ್ಲಿರುತ್ತವೆ. ದುಂಡಗೆ, ಒಳಗೆಲ್ಲ ದೊಡ್ಡ ದೊಡ್ಡ ವ್ಯಾಕ್ಯೂಲ್, ಅಂದರೆ ದ್ರವ ತುಂಬಿದ ಗುಳ್ಳೆ. ಗ್ರಂಥಿಯನ್ನು ಹೊರತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಕೆಲಸ ಕೆಡುವುದು ಹೆಚ್ಚಾಗಿ ಇವುಗಳಲ್ಲೇ. ನನ್ನ ಮಟ್ಟಿಗೆ ತಪ್ಪು ಬಣ್ಣ ಹಾಕುವಲ್ಲಿ ಆಗುವುದು ಕಡಿಮೆ, ನೊಣ ಸಾಕುವಲ್ಲಿ ಮತ್ತು ಕವರ್‌ಸ್ಲಿಪ್ (ಮೇಲೆ ಮುಚ್ಚುವ ತೆಳು ಗಾಜು) ಇಡುವಲ್ಲಿ ಆಗುವುದೇ ಹೆಚ್ಚು.

ಆಹಾರ ನಮ್ಮಲ್ಲಿ ಬಳಕೆಯಲ್ಲಿರುವ ರವೆ ಮಾಧ್ಯಮವೇ: 1 ಲೀಟರ್ ನೀರಿಗೆ ಬೆಲ್ಲ 100 ಗ್ರಾಂ, ಗೋಧಿ ರವೆ 100 ಗ್ರಾಂ, ಅಗರ್ 10 ಗ್ರಾಂ. ಬೆಂದು ಸ್ವಲ್ಪ ಆರಿದ ಮೇಲೆ ಪ್ರೊಪಿಯಾನಿಕ್ ಆಮ್ಲ 7.5 ಮಿಲಿ. ಕುದಿಯುತ್ತಿರುವಾಗಲೇ ಸುರಿದರೆ ಆಮ್ಲ ಆವಿಯಾಗಿ ಹೋಗುತ್ತದೆ, ಕಣ್ಣಿಗೂ ಉರಿ. ಮಲೆನಾಡಿನಲ್ಲಿ ಸುಲಭವಾಗಿ ಸಿಗುವ ಜೋನಿ ಬೆಲ್ಲ ಇದಕ್ಕೆ ಬೇಡ. ನೀರಿನಂಶ ಹೆಚ್ಚು, ತೂಕದ ಲೆಕ್ಕ ತಪ್ಪುತ್ತದೆ. ಆಷಾಢದ ಜಡಿಮಳೆಯಲ್ಲಿ ತೀರ್ಥಹಳ್ಳಿ, ಆಗುಂಬೆ ಕಡೆ ಬಾಟಲಿಯ ಒಳಗೋಡೆಯಲ್ಲಿ ನೀರು ಇಳಿಯುತ್ತದೆ. ಅದು ಒಣಗದೆ ಹತ್ತಿ ಮುಚ್ಚಿದರೆ ಬೂಸ್ಟು ಖಂಡಿತ, ನೊಣಗಳೂ ಅಂಟಿ ಸಾಯುತ್ತವೆ.

ಬಲೆಗೆ ಬಿದ್ದ ತೋಟದ ನೊಣಗಳನ್ನೇ ತಂದು ಶುರು ಮಾಡಬೇಡಿ. ಹಲಸು, ಬಾಳೆಹಣ್ಣಿಗೆ ಡ್ರೊಸೊಫಿಲಾ ನಸುಟಾ ಎಂಬ ಇನ್ನೊಂದು ಜಾತಿ ಕೂಡ ಬರುತ್ತದೆ. ಗಂಡಿನ ಹಣೆ ಬೆಳ್ಳಿಯಂತೆ ಹೊಳೆದರೆ, ಮುಂಗಾಲಿನಲ್ಲಿ ಬಾಚಣಿಗೆಯಂಥ ಕಪ್ಪು ರೋಮದ ಸಾಲು ಕಾಣದಿದ್ದರೆ ಅದು ಮೆಲನೊಗ್ಯಾಸ್ಟರ್ ಅಲ್ಲ. ಮೊದಲು ಹೇಳಿದ ಕೋಶಗಳ ಸಂಖ್ಯೆಯನ್ನು ಅದಕ್ಕೆ ಹೊಂದಿಸಲಾಗದು.

25 ಡಿಗ್ರಿಯಲ್ಲಿ ಪ್ಯೂಪಾದಿಂದ ಹೊರಬಂದ 8 ಗಂಟೆಯೊಳಗೆ ಗಂಡುಗಳನ್ನು ಬೇರ್ಪಡಿಸಿ, 4ರಿಂದ 6 ದಿನ ಹೆಣ್ಣಿಲ್ಲದೆ ಇಡುತ್ತೇನೆ. ಹೊಸದಾಗಿ ಬಂದ ಗಂಡಿನ ಗ್ರಂಥಿ ಇನ್ನೂ ತುಂಬಿರುವುದಿಲ್ಲ. ಕೂಡಿದ್ದರಲ್ಲಿ ಅರ್ಧ ಖಾಲಿ. ದ್ವಿತೀಯಕ ಕೋಶಗಳು ವಯಸ್ಸಿನೊಂದಿಗೆ ಹಿಗ್ಗುತ್ತವೆ, ಕೂಡಿದ ಮೇಲೆ ಇನ್ನಷ್ಟು. ಆದ್ದರಿಂದ ಎರಡು ಗುಂಪುಗಳನ್ನು ಹೋಲಿಸುವಾಗ ವಯಸ್ಸು, ಕೂಡುವಿಕೆ ಎರಡೂ ಒಂದೇ ಇರಬೇಕು. ಇಲ್ಲವಾದರೆ ಕಂಡ ವ್ಯತ್ಯಾಸ ಜೀನಿನದೋ ವಯಸ್ಸಿನದೋ ಹೇಳಲು ಬರುವುದಿಲ್ಲ.

ಮಂಜುಗಡ್ಡೆಯ ಮೇಲೆ ಮಂಕಾದ ನೊಣವನ್ನು ತಣ್ಣನೆಯ ಪಿಬಿಎಸ್ (ಫಾಸ್ಫೇಟ್ ಬೆರೆತ ಉಪ್ಪುದ್ರಾವಣ) ಹನಿಯಲ್ಲಿಡಿ. 5ನೇ ನಂಬರಿನ ಒಂದು ಫಾರ್ಸೆಪ್ಸ್‌ನಿಂದ ಹೊಟ್ಟೆಯ ಬುಡ ಹಿಡಿದು, ಇನ್ನೊಂದರಿಂದ ತುದಿಯ ಜನನಾಂಗದ ಫಲಕವನ್ನು ನಿಧಾನವಾಗಿ ಎಳೆಯಿರಿ. ಹಳದಿ ಸುರುಳಿ ವೃಷಣ. ಅದರ ಪಕ್ಕದ ಅರೆಪಾರದರ್ಶಕ ಜೋಡಿ ಚೀಲ ನಮಗೆ ಬೇಕಾದದ್ದು. ಜಗ್ಗಿದರೆ ಕರುಳು ತುಂಡಾಗಿ ಗ್ರಂಥಿ ಒಳಗೇ ಉಳಿಯುತ್ತದೆ. ಕೊಬ್ಬು, ಕರುಳು ತೆಗೆಯುವಾಗ ಹಾಲೆಯನ್ನು ಮುಟ್ಟಬಾರದು. ಸ್ಖಲನ ನಾಳವನ್ನು ಬಿಟ್ಟುಕೊಂಡು ಅದನ್ನೇ ಹಿಡಿಕೆಯಂತೆ ಬಳಸುವುದು. ಹಾಲೆ ಚುಚ್ಚಿಹೋಗಿದ್ದರೆ ಒಳಗಿನ ದ್ರವ ಹರಿದು ಚೀಲ ಸುಕ್ಕಾಗುತ್ತದೆ. ಅದನ್ನು ಬಿಟ್ಟು ಬೇರೆ ನೊಣ ತೆಗೆದುಕೊಳ್ಳಿ.

ವ್ಯಾಕ್ಯೂಲ್ ನೋಡುವುದಿದ್ದರೆ ಫಿಕ್ಸ್ ಮಾಡದ, ಅಂದರೆ ರಾಸಾಯನಿಕದಲ್ಲಿ ಇದ್ದಂತೆಯೇ ಸ್ಥಿರಗೊಳಿಸದ, ಗ್ರಂಥಿಯೇ ಮೇಲು. ಫೇಸ್ ಕಾಂಟ್ರಾಸ್ಟ್ ಸೂಕ್ಷ್ಮದರ್ಶಕದಲ್ಲಿ ಬಣ್ಣವಿಲ್ಲದೆಯೂ ಕಾಣುತ್ತವೆ. ಕವರ್‌ಸ್ಲಿಪ್ ಭಾರಕ್ಕೇ ದ್ವಿತೀಯಕ ಕೋಶ ಒಡೆಯುತ್ತದೆ, ಹಾಗಾಗಿ ಎರಡು ಬದಿಗೆ ಒಡೆದ ಕವರ್‌ಸ್ಲಿಪ್‌ನ ಚೂರು ಇಟ್ಟು ಅದರ ಮೇಲೆ ಮುಚ್ಚಿ.

ನ್ಯೂಕ್ಲಿಯಸ್‌ಗಾದರೆ ಶೇ. 4 ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ 20 ನಿಮಿಷ ಫಿಕ್ಸ್ ಮಾಡಿ, ಶೇ. 0.3 ಟ್ರೈಟಾನ್ ಎಂಬ ಮಾರ್ಜಕ ಇರುವ ಪಿಬಿಎಸ್‌ನಲ್ಲಿ ಮೂರು ಸಲ ತೊಳೆದು, ಡಿಎನ್‌ಎಗೆ ಅಂಟಿ ಹೊಳೆಯುವ ಡ್ಯಾಪಿ ಬಣ್ಣ ಹಾಕಿ, ಶೇ. 80 ಗ್ಲಿಸರಾಲ್‌ನಲ್ಲಿಡಿ. ಎರಡೂ ಬಗೆಯ ಕೋಶಗಳಲ್ಲಿ ಎರಡೆರಡು ನ್ಯೂಕ್ಲಿಯಸ್ ಇರುವುದರಿಂದ ಚುಕ್ಕೆಗಳನ್ನು ಎಣಿಸಿ ಅದನ್ನೇ ಕೋಶದ ಸಂಖ್ಯೆ ಎನ್ನುವಂತಿಲ್ಲ. ಹೊದಿಕೆಯ ಸ್ನಾಯುವಿನ ನ್ಯೂಕ್ಲಿಯಸ್‌ಗಳೂ ಡ್ಯಾಪಿಯಲ್ಲಿ ಹೊಳೆಯುತ್ತವೆ. ಫೋಕಸ್ ಒಂದು ಪದರ ಕೆಳಗಿಳಿಸಿ, ಕೋಶದ ಅಂಚು ಗುರುತಿಸಿದ ಮೇಲೆಯೇ ಎಣಿಸಬೇಕು.