ಲಾರಾ ಕಾರಿನ ಹಿಂದಿನ ಬ್ರೇಕ್ ಪ್ಯಾಡ್: ಮನೆಯಲ್ಲೇ ಬದಲಿಸಿದ ನನ್ನ ಅನುಭವ

ಮುಂದಿನ ಚಕ್ರದ ಬ್ರೇಕ್ ಪ್ಯಾಡ್ ಬದಲಿಸಿ ಅಭ್ಯಾಸ ಇದ್ದವರು ಹಿಂದಿನದನ್ನೂ ಹಾಗೇ ಬದಲಿಸಬಹುದು ಅಂದುಕೊಳ್ಳುತ್ತಾರೆ. ಆದರೆ ಅನೇಕ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಕೆಲಸ ಮಾಡುವುದು ಹಿಂದಿನ ಕ್ಯಾಲಿಪರ್‌ನ, ಅಂದರೆ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗದ, ಒಳಗೇ. ಅಲ್ಲಿ ಪ್ಯಾಡನ್ನು ತಳ್ಳುವ ಪಿಸ್ಟನ್ ಹಿಂದೆ ಒಂದು ಸ್ಕ್ರೂ ಇರುತ್ತದೆ. ಮುಂದಿನ ಪಿಸ್ಟನ್ನನ್ನು ಒತ್ತಿ ಒಳಗೆ ತಳ್ಳಬಹುದು. ಹಿಂದಿನದನ್ನು ತಿರುಗಿಸುತ್ತಲೇ ಒತ್ತಬೇಕು. ಜಿ ಕ್ಲಾಂಪ್ ಹಾಕಿ ಬಲವಾಗಿ ಬಿಗಿದರೆ ಒಳಗಿನ ಆ ಸ್ಕ್ರೂ ಹಾಳಾಗಿ ಇಡೀ ಕ್ಯಾಲಿಪರ್ ಬದಲಿಸಬೇಕಾದೀತು.

ನನ್ನದು 2011ರ ಸ್ಕೋಡಾ ಲಾರಾ. ಮನೆ ಉಡುಪಿಯಲ್ಲಿ. ಚಾರ್ಮಾಡಿ ಘಾಟಿ ಹತ್ತಿ ಇಳಿಯುವುದು ನನಗೆ ಮಾಮೂಲು. ಒಮ್ಮೆ ಘಾಟಿ ಇಳಿದು ಉಜಿರೆಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಎಡಗಡೆ ಹಿಂದಿನ ಚಕ್ರದಿಂದ ಕಾವು ಹೊಡೆಯುತ್ತಿತ್ತು. ಬಲಗಡೆಯದು ಅಷ್ಟು ಬಿಸಿ ಇರಲಿಲ್ಲ. ಹೀಗೆ ಒಂದೇ ಕಡೆ ಬಿಸಿಯಾದರೆ ಅಲ್ಲಿ ಏನೋ ಹಿಡಿದುಕೊಂಡಿದೆ ಎಂದೇ ಅರ್ಥ. ಚಕ್ರವನ್ನು ಮುಟ್ಟಬೇಡಿ, ಹತ್ತಿರ ಕೈ ಒಯ್ದರೆ ಸಾಕು, ಗೊತ್ತಾಗುತ್ತದೆ.

ಮನೆಗೆ ಬಂದು ಚಕ್ರ ಬಿಚ್ಚಿ ನೋಡಿದೆ. ಹೊರಗಿನ ಪ್ಯಾಡ್ ಇನ್ನೂ ಸುಮಾರಾಗಿತ್ತು. ಒಳಗಿನದು ಸವೆದು 2 ಮಿಲಿಮೀಟರಿಗೆ ಬಂದಿತ್ತು. ಕಬ್ಬಿಣದ ತಟ್ಟೆ ಬಿಟ್ಟು ಬರೀ ಪ್ಯಾಡಿನ ದಪ್ಪ 2 ಮಿಲಿಮೀಟರ್ ಆದರೆ ಬದಲಿಸಲೇಬೇಕು. ಚಕ್ರದ ಸಂದಿಯಿಂದ ಇಣುಕಿದರೆ ಕಾಣುವುದು ಹೊರಗಿನ ಪ್ಯಾಡ್ ಮಾತ್ರ. ಈ ಕಾರಿನಲ್ಲಿ ಪ್ಯಾಡ್ ಸವೆದದ್ದನ್ನು ಹೇಳುವ ಸೆನ್ಸರ್ ಹಿಂದಿನ ಚಕ್ರಕ್ಕಿಲ್ಲ. ಹಾಗಾಗಿ ಡ್ಯಾಶ್‌ಬೋರ್ಡಿನ ದೀಪ ನಂಬಿಕೊಂಡು ಕೂರುವಂತಿಲ್ಲ.

ಬಿಡಿಭಾಗದ ಅಂಗಡಿಗೆ ಹೋಗುವಾಗ ಚಾಸಿ ನಂಬರ್ ಬರೆದುಕೊಂಡು ಹೋಗಿ. ಒಂದೇ ಮಾಡೆಲ್‌ನಲ್ಲೂ ಹಿಂದಿನ ಬ್ರೇಕ್ ಬೇರೆ ಬೇರೆ ಅಳತೆಯಲ್ಲಿ ಬಂದಿದೆ. ಪ್ಯಾಡ್ ಜೊತೆಗೆ ಕ್ಯಾಲಿಪರ್‌ನ ಹೊಸ ಬೋಲ್ಟ್‌ಗಳನ್ನೂ ಕೇಳಿ ತೆಗೆದುಕೊಂಡೆ. ಪಿಸ್ಟನ್ ತಿರುಗಿಸುವ ಟೂಲ್, ಬ್ರೇಕ್ ಕ್ಲೀನರ್ ಸ್ಪ್ರೇ, ಸಿಲಿಕಾನ್ ಗ್ರೀಸ್ ಕೂಡ ಬೇಕು. ಎರಡೂ ಕಡೆಯ ಪ್ಯಾಡ್ ಒಟ್ಟಿಗೇ ಬದಲಿಸಬೇಕು. ಒಂದೇ ಕಡೆ ಸವೆದಿದ್ದರೂ ಅಷ್ಟೇ.

ಕಾರು ಎತ್ತುವ ಮೊದಲು ಒಂದು ವಿಷಯ. ಹಿಂದಿನ ಬ್ರೇಕ್ ಕೆಲಸಕ್ಕೆ ಹ್ಯಾಂಡ್‌ಬ್ರೇಕ್ ಇಳಿಸಲೇಬೇಕು. ಆಮೇಲೆ ಕಾರನ್ನು ಹಿಡಿದು ನಿಲ್ಲಿಸುವುದು ಏನು? ಇದು ಮುಂದಿನ ಚಕ್ರ ಎಳೆಯುವ ಕಾರು, ಆದ್ದರಿಂದ ಫಸ್ಟ್ ಗೇರ್‌ಗೆ ಹಾಕಿದೆ. ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಮರದ ತುಂಡು ಕೊಟ್ಟೆ. ಸಮತಟ್ಟಾದ ಕಾಂಕ್ರೀಟ್ ನೆಲ ಬೇಕು, ಅಂಗಳದ ಮಣ್ಣು ಆಗುವುದಿಲ್ಲ. ಚಕ್ರದ ಬೋಲ್ಟ್‌ಗಳನ್ನು ಟಯರು ನೆಲದ ಮೇಲಿರುವಾಗಲೇ ಸಡಿಲಿಸಿದೆ. ಜಾಕ್‌ನಿಂದ ಎತ್ತಿ ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಿದೆ, ಬಿಚ್ಚಿದ ಚಕ್ರವನ್ನು ಕಾರಿನಡಿಗೆ ತಳ್ಳಿದೆ. ಬರೀ ಜಾಕ್ ಮೇಲೆ ನಿಂತ ಕಾರಿನ ಹತ್ತಿರ ಕೈ ಹಾಕಲೇಬೇಡಿ.

ಕ್ಯಾಲಿಪರ್ ಹಿಡಿದಿರುವುದು ಎರಡು ಬೋಲ್ಟ್, 13ರ ಸ್ಪ್ಯಾನರ್. ಬೋಲ್ಟ್ ತಿರುಗಿಸುವಾಗ ಕ್ಯಾಲಿಪರ್ ಜಾರಲು ಇರುವ ಪಿನ್ ಕೂಡ ತಿರುಗುತ್ತದೆ, ಅದನ್ನು 15ರ ತೆಳು ಸ್ಪ್ಯಾನರ್‌ನಲ್ಲಿ ಹಿಡಿದುಕೊಳ್ಳಬೇಕು. ಬಿಚ್ಚಿದ ಕ್ಯಾಲಿಪರನ್ನು ತಂತಿ ಕಟ್ಟಿ ಸ್ಪ್ರಿಂಗಿಗೆ ನೇತುಹಾಕಿದೆ. ಬ್ರೇಕ್ ಪೈಪಿನ ಮೇಲೆ ಅದರ ಭಾರ ಬೀಳಬಾರದು. ಆ ಹೊತ್ತಲ್ಲಿ ಯಾರೂ ಬ್ರೇಕ್ ಪೆಡಲ್ ತುಳಿಯದ ಹಾಗೆ ನೋಡಿಕೊಳ್ಳಿ. ಮನೆಯಲ್ಲಿ ಮಕ್ಕಳಿದ್ದರೆ ಕಾರಿನ ಬಾಗಿಲು ಲಾಕ್ ಮಾಡಿಬಿಡಿ.

ಕಾವಿನ ಕಾರಣ ಪಿನ್‌ನಲ್ಲಿತ್ತು. ಮೇಲಿನ ಪಿನ್ ಸಲೀಸಾಗಿ ಜಾರುತ್ತಿತ್ತು. ಕೆಳಗಿನದು ಅಲುಗಾಡಲಿಲ್ಲ. ಅತ್ತಿತ್ತ ತಿರುಗಿಸುತ್ತಾ ಎಳೆದರೆ ಹಳೆ ಗ್ರೀಸು ಒಣಗಿ ಡಾಂಬರಿನ ಹಾಗೆ ಅಂಟಿತ್ತು, ಜೊತೆಗೆ ತುಕ್ಕು. ಪಿಸ್ಟನ್ ಇರುವುದು ಒಳಬದಿಯಲ್ಲಿ ಮಾತ್ರ. ಅದು ಒಳಗಿನ ಪ್ಯಾಡನ್ನು ಒತ್ತಿದ ಮೇಲೆ ಇಡೀ ಕ್ಯಾಲಿಪರ್ ಪಿನ್ ಮೇಲೆ ಜಾರಿ ಹೊರಗಿನ ಪ್ಯಾಡನ್ನು ಎಳೆದುಕೊಳ್ಳಬೇಕು. ಪಿನ್ ಹಿಡಿದರೆ ಭಾರವೆಲ್ಲ ಒಳಗಿನ ಪ್ಯಾಡಿನ ಮೇಲೆಯೇ. ಕರಾವಳಿಯ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಇಲ್ಲಿ ಇದು ಆಗುವಂಥದ್ದೇ. ಪ್ಯಾಡ್ ಮಾತ್ರ ಹೊಸದು ಹಾಕಿ ಪಿನ್ ಹಾಗೇ ಬಿಟ್ಟರೆ ಹೊಸ ಪ್ಯಾಡೂ ಬೇಗ ಹೋಗುತ್ತದೆ. ಹೆಚ್ಚು ಹೊತ್ತು ಕೊಡಬೇಕಾದ್ದು ಇಲ್ಲಿಗೇ ಎಂದು ನನ್ನ ಅನಿಸಿಕೆ.

ಪಿನ್ ಮತ್ತು ಅದು ಕೂರುವ ತೂತು ಎರಡನ್ನೂ ಸ್ಪ್ರೇ ಹಾಕಿ ಬಟ್ಟೆಯಲ್ಲಿ ಒರೆಸಿದೆ. ರಬ್ಬರ್ ಬೂಟ್ ಹರಿದಿಲ್ಲ ಎಂದು ನೋಡಿದೆ. ತೆಳ್ಳಗೆ ಸಿಲಿಕಾನ್ ಗ್ರೀಸ್ ಹಚ್ಚಿದೆ. ಚಾಸಿ ಗ್ರೀಸ್ ಬೇಡ. ಪೆಟ್ರೋಲಿಯಂ ಗ್ರೀಸ್ ತಾಗಿದರೆ ಬ್ರೇಕಿನ ರಬ್ಬರ್ ಉಬ್ಬುತ್ತದೆ, ಪಿನ್ ಮತ್ತೆ ಹಿಡಿಯುತ್ತದೆ. ಪ್ಯಾಡಿನ ಕಿವಿ ಕೂರುವ ಜಾಗದ ತುಕ್ಕನ್ನು ವೈರ್ ಬ್ರಷ್‌ನಿಂದ ತೆಗೆದೆ. ಬ್ರೇಕಿನ ಧೂಳನ್ನು ಬಾಯಿಂದ ಊದಬೇಡಿ, ಒದ್ದೆ ಮಾಡಿ ಒರೆಸಿ. ಡಿಸ್ಕ್ ಎಷ್ಟು ತೆಳುವಾದರೆ ಬದಲಿಸಬೇಕು ಅನ್ನುವ ಅಳತೆ ಡಿಸ್ಕಿನ ಮೇಲೇ ಕೆತ್ತಿರುತ್ತದೆ. ನನ್ನದು ಇನ್ನೂ ಅದಕ್ಕಿಂತ ದಪ್ಪ ಇತ್ತು.

ಈಗ ಪಿಸ್ಟನ್. ನನ್ನ ಕಾರಿನಲ್ಲಿ ಅದು ಬಲಕ್ಕೆ ತಿರುಗಿದರೆ ಒಳಗೆ ಹೋಗುತ್ತದೆ. ಕೆಲವು ಕಾರುಗಳಲ್ಲಿ ಒಂದು ಕಡೆಯದು ಉಲ್ಟಾ ಇರುತ್ತದೆ, ಮೊದಲೇ ತಿಳಿದುಕೊಳ್ಳಿ. ನಿಧಾನವಾಗಿ ತಿರುಗಿಸುತ್ತಾ, ಪಿಸ್ಟನ್ನಿನ ರಬ್ಬರ್ ಬೂಟ್ ಮುರುಚಿಕೊಳ್ಳದಂತೆ ನೋಡುತ್ತಾ ಒಳಗೆ ಕೂರಿಸಿದೆ. ಆಗ ಬಾನೆಟ್ ಅಡಿಯ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಮೇಲೇರುತ್ತದೆ. ಉಕ್ಕುವ ಹಾಗಿದ್ದರೆ ಸಿರಿಂಜಿನಲ್ಲಿ ತೆಗೆಯಿರಿ. ಪೇಂಟಿಗೆ ಬಿದ್ದರೆ ತಕ್ಷಣ ನೀರು ಹಾಕಿ, ಪೇಂಟನ್ನು ಅದು ತಿಂದುಬಿಡುತ್ತದೆ.

ಹೊಸ ಪ್ಯಾಡ್ ಕೂರಿಸಿ ಕ್ಯಾಲಿಪರ್ ಬೋಲ್ಟ್ 35 ನ್ಯೂಟನ್ ಮೀಟರ್‌ಗೆ, ಚಕ್ರದ ಬೋಲ್ಟ್ 120ಕ್ಕೆ ಟಾರ್ಕ್ ರೆಂಚಿನಿಂದ ಬಿಗಿದೆ. ಒಂದು ಕಡೆ ಮುಗಿಸಿಯೇ ಇನ್ನೊಂದು ಕಡೆ ಬಿಚ್ಚಿದ್ದು. ಗೊಂದಲ ಬಂದರೆ ನೋಡಿಕೊಳ್ಳಲು ಒಂದು ಇರುತ್ತದೆ ಅಲ್ವಾ.

ಎಲ್ಲ ಮುಗಿದ ಮೇಲೆ ಕಾರು ಅಲುಗಿಸುವ ಮೊದಲೇ ಬ್ರೇಕ್ ಪೆಡಲನ್ನು ಮತ್ತೆ ಮತ್ತೆ ತುಳಿಯಬೇಕು. ಮೊದಲ ಸಲ ಅದು ನೆಲಕ್ಕೇ ಹೋಗುತ್ತದೆ. ಗಟ್ಟಿಯಾಗುವವರೆಗೆ ತುಳಿದು, ಹ್ಯಾಂಡ್‌ಬ್ರೇಕನ್ನೂ ಎಳೆದು ಬಿಟ್ಟು ಮಾಡಿದೆ. ಬಿಟ್ಟಾಗ ಕ್ಯಾಲಿಪರಿನ ಲಿವರ್ ಎರಡೂ ಕಡೆ ಪೂರ್ತಿ ಹಿಂದಕ್ಕೆ ಬರಬೇಕು. ಬರದಿದ್ದರೆ ಕೇಬಲ್ ಹಿಡಿದಿದೆ ಎಂದು ಲೆಕ್ಕ. ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಲು ಮೊದಲ 200 ಕಿಲೋಮೀಟರ್ ಜೋರು ಬ್ರೇಕ್ ಹೊಡೆಯದೆ ಓಡಿಸಿದೆ, ಘಾಟಿ ಕಡೆಗೆ ಹೋಗಲಿಲ್ಲ.

ಪೈಪ್ ಬಿಚ್ಚದ ಕಾರಣ ಗಾಳಿ ತೆಗೆಯುವ ಕೆಲಸ ಇರಲಿಲ್ಲ. ಆದರೂ ಬ್ರೇಕ್ ಆಯಿಲಿಗೆ ಎರಡು ವರ್ಷ ಆಗಿದ್ದರೆ ಅದನ್ನೂ ಬದಲಿಸಿಬಿಡಿ. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ. ನೀರು ಸೇರಿದರೆ ಆ ಮಿತಿ 155ಕ್ಕೂ ಇಳಿಯಬಹುದು.

ಬಟನ್ ಒತ್ತುವ ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕ್ ಇರುವ ಕಾರಿಗೆ ಈ ವಿಧಾನ ಹೊಂದುವುದಿಲ್ಲ. ಅಲ್ಲಿ ಮೊದಲು ಮೋಟಾರನ್ನು ಸರ್ವಿಸ್ ಮೋಡ್‌ಗೆ ಹಾಕಬೇಕು, ಅದಕ್ಕೆ ಹೆಚ್ಚಾಗಿ ಸ್ಕ್ಯಾನರ್ ಬೇಕಾಗುತ್ತದೆ. ಸ್ಕ್ಯಾನರ್ ಇಲ್ಲದಿದ್ದರೆ ಆ ಕೆಲಸ ಗ್ಯಾರೇಜಿಗೇ ಕೊಡಿ. ಪಿನ್‌ಗಳನ್ನು ಬಿಚ್ಚಿ ಗ್ರೀಸ್ ಹಾಕಿ ಎಂದು ಮಾತ್ರ ಮರೆಯದೆ ಹೇಳಿ.