ಹನ್ನೆರಡು ಫೋಟೊ, ಹನ್ನೆರಡು ಪದ: ಕಳೆದ ವರ್ಷವನ್ನು ಮರಳಿ ನೋಡುವ ಬಗೆ

ಕಲಬುರಗಿ ಸೀಮೆಯಲ್ಲಿ ಹಾಡಿಗೆ ಪದ ಎನ್ನುತ್ತಾರೆ. ಬೀಸುವ ಕಲ್ಲಿನ ಮುಂದೆ ಹಾಡಿದ್ದು ಬೀಸುವ ಪದ, ಕಣದಲ್ಲಿ ಎತ್ತುಗಳ ಹಿಂದೆ ಸುತ್ತುತ್ತ ಹಾಡಿದ್ದು ಹಂತಿ ಪದ, ಮೊಹರಂನಲ್ಲಿ ಬೆಂಕಿ ಹಾಕುವ ಗುಂಡಿಯಾದ ಅಲಾಯಿ ಕುಣಿಯ ಸುತ್ತ ಹಾಡಿದ್ದು ಮೊಹರಂ ಪದ, ರಾತ್ರಿ ಮಠದ ಕಟ್ಟೆಯ ಮೇಲೆ ಏಕತಾರಿ, ದಮ್ಮಡಿ, ತಾಳ ಹಿಡಿದು ಹಾಡಿದ್ದು ತತ್ವಪದ. ವರ್ಷ ಮುಗಿದಾಗ ಫೋನಿನಲ್ಲಿ ಉಳಿದ ಫೋಟೊಗಳ ಜೊತೆಗೆ ಇಂಥ, ಊರಿನಾಚೆ ಯಾರೂ ಕೇಳದ ಪದಗಳನ್ನು ಒಂದೊಂದಾಗಿ ಜೋಡಿಸಿ, ಆ ವರ್ಷವನ್ನು ಮತ್ತೊಮ್ಮೆ ನೋಡುವ ಕ್ರಮವೊಂದನ್ನು ನಾನು ಕೆಲವು ವರ್ಷಗಳಿಂದ ಪಾಲಿಸುತ್ತಿದ್ದೇನೆ. ಅದನ್ನು ಮಾಡುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ.

ಎಲ್ಲರಿಗೂ ಗೊತ್ತಿರುವ ಸಿನಿಮಾ ಹಾಡನ್ನು ಏಕೆ ಬಳಸಬಾರದು ಎಂಬ ಪ್ರಶ್ನೆ ಬರುವುದು ಸಹಜ. ಜನಪ್ರಿಯ ಹಾಡನ್ನು ನಾವು ಮದುವೆಯಲ್ಲಿ, ಬಸ್ಸಿನಲ್ಲಿ, ಚಹಾದ ಹೋಟೆಲಿನಲ್ಲಿ, ಪಕ್ಕದ ಮನೆಯ ಟಿವಿಯಲ್ಲಿ ನೂರು ಸಲ ಕೇಳಿರುತ್ತೇವೆ. ಹೀಗಾಗಿ ಅದು ಯಾವ ಒಂದು ದಿನಕ್ಕೂ ಅಂಟಿಕೊಳ್ಳುವುದಿಲ್ಲ, ಒಂದು ನೆನಪಿನ ಮೇಲೆ ಇನ್ನೊಂದು ನೆನಪು ಬಂದು ಕೂಡುತ್ತಲೇ ಹೋಗುತ್ತದೆ. ವರ್ಷದಲ್ಲಿ ಒಂದೋ ಎರಡೋ ಸಲ, ಒಂದೇ ಜಾಗದಲ್ಲಿ ಕೇಳಿದ ಪದ ಮಾತ್ರ ಆ ಜಾಗವನ್ನೂ ಆ ಹೊತ್ತನ್ನೂ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಕಡಿಮೆ ಕೇಳಿದ ಹಾಡನ್ನೇ ಆರಿಸಿಕೊಳ್ಳಿ ಎಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಮೊದಲು ವರ್ಷದ ಗಡಿಯನ್ನು ಗೊತ್ತುಮಾಡಿಕೊಳ್ಳಬೇಕು. ಜನವರಿಯಿಂದ ಡಿಸೆಂಬರ್ ಎಂದು ಎಣಿಸುವುದರಲ್ಲಿ ತಪ್ಪಿಲ್ಲ, ಆದರೆ ನಾನು ಎಳ್ಳ ಅಮಾವಾಸ್ಯೆಯಿಂದ ಎಳ್ಳ ಅಮಾವಾಸ್ಯೆಗೆ ಎಣಿಸುತ್ತೇನೆ. ಆ ದಿನ ಡಿಸೆಂಬರ್ ಉತ್ತರಾರ್ಧದಿಂದ ಜನವರಿ ಮಧ್ಯದೊಳಗೆ ಬರುತ್ತದೆ. ತೊಗರಿ ಕೊಯ್ಲಿಗೆ ಬಂದಿರುತ್ತದೆ, ಜೋಳ ಇನ್ನೂ ಹೊಲದಲ್ಲಿ ನಿಂತಿರುತ್ತದೆ, ಹೊಲಕ್ಕೆ ಅಡುಗೆಯ ಎಡೆ ಅರ್ಪಿಸುವ ಚರಗ ಚೆಲ್ಲಲು ಮನೆಮಂದಿಯೆಲ್ಲ ಒಂದೆಡೆ ಸೇರಿರುತ್ತಾರೆ. ಪ್ರತಿ ಚಾಂದ್ರಮಾಸಕ್ಕೆ ಒಂದು ಫೋಟೊ, ಒಂದು ಪದ. ಅಧಿಕಮಾಸ ಬಂದ ವರ್ಷ ಹದಿಮೂರಾಗುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದಿದ್ದರಿಂದ ನನ್ನ ಆ ವರ್ಷದ ವಹಿಯಲ್ಲಿ 13 ಪುಟಗಳಿವೆ. ದಿನಾಂಕವನ್ನೂ ತಪ್ಪದೆ ಬರೆದುಕೊಳ್ಳಿ. ಹಿಜರಿ ವರ್ಷ ಸುಮಾರು 11 ದಿನ ಚಿಕ್ಕದಾದ್ದರಿಂದ ಮೊಹರಂ ಪ್ರತಿ ವರ್ಷ ಹಿಂದಕ್ಕೆ ಸರಿಯುತ್ತದೆ. ಅದರ ಕೊನೆಯ ದಿನ 2024ರಲ್ಲಿ ಜುಲೈ 17ಕ್ಕೆ ಬಂದಿತ್ತು, 2025ರಲ್ಲಿ ಜುಲೈ 6ಕ್ಕೆ. ಹತ್ತು ವರ್ಷದ ಬಳಿಕ ಅಲಾಯಿ ಕುಣಿತದ ಫೋಟೊ ನೋಡಿದವರಿಗೆ, ಬಿಸಿಲುಗಾಲದ ಹಬ್ಬ ಇಷ್ಟು ಮಳೆಯಲ್ಲಿ ಹೇಗಾಯಿತು ಎಂಬ ಗೊಂದಲ ಆಗಬಾರದು.

ಫೋಟೊ ಆರಿಸುವ ಕೆಲಸದಲ್ಲಿ ಮೊದಲಿನ ಪಾಲು ಅಳಿಸುವುದೇ ಆಗಿದೆ. ಸ್ಕ್ರೀನ್‌ಶಾಟ್, ಶುಭೋದಯದ ಚಿತ್ರ, ಒಂದೇ ದೃಶ್ಯದ ಎಂಟು ಪ್ರತಿಗಳನ್ನು ತೆಗೆದುಹಾಕಿ. ನೀವೇ ತೆಗೆದ ಫೋಟೊದೊಳಗೆ ದಿನ ಮತ್ತು ಸಮಯ ಅಡಗಿರುತ್ತವೆ, ಸ್ಥಳದ ಅನುಮತಿ ಕೊಟ್ಟಿದ್ದರೆ ಊರೂ ಇರುತ್ತದೆ. ವಾಟ್ಸಾಪಿನಲ್ಲಿ ಚಿತ್ರವಾಗಿ ಬಂದ ಫೋಟೊದಲ್ಲಿ ಈ ವಿವರ ಉಳಿಯುವುದಿಲ್ಲ. ಕಡತದ ಹೆಸರಿನಲ್ಲಿ ಕಾಣುವ ತಾರೀಖು ಅದು ನಿಮಗೆ ಬಂದು ಮುಟ್ಟಿದ ದಿನದ್ದು, ತೆಗೆದ ದಿನದ್ದಲ್ಲ. ಆದ್ದರಿಂದ ಬಂಧುಗಳಿಂದ ಫೋಟೊ ಕೇಳುವಾಗ ಡಾಕ್ಯುಮೆಂಟ್ ರೂಪದಲ್ಲಿ ಕಳಿಸಲು ಹೇಳಬೇಕು. ಚೆಂದದ ಫೋಟೊವನ್ನೇ ಆರಿಸುವ ಮೋಹ ಬೇಡ. ಬೀದರ ಕೋಟೆಯ ಮುಂದೆ ನಿಂತು ತೆಗೆಸಿಕೊಂಡ ಚಿತ್ರ ಯಾವ ವರ್ಷದ್ದಾದರೂ ಒಂದೇ ರೀತಿ ಇರುತ್ತದೆ. ಅಂಗಳದಲ್ಲಿ ಒಣಗಲು ಹಾಕಿದ ಹಪ್ಪಳ, ಅದರಾಚೆ ನೆರಳಿನಲ್ಲಿ ಮಲಗಿದ ಕಾಕಾ, ಇಂಥ ಫೋಟೊ ಆ ವರ್ಷಕ್ಕೆ ಮಾತ್ರ ಸೇರಿದ್ದು.

ಇನ್ನು ಪದಗಳು. ವರ್ಷದಲ್ಲಿ ಕೇಳಿದ್ದನ್ನು ಆಗಲೇ ಫೋನಿನಲ್ಲಿ ಧ್ವನಿಮುದ್ರಿಸಿಕೊಂಡಿದ್ದರೆ ಉತ್ತಮ. ಹಾಡುವವರ ಒಪ್ಪಿಗೆ ಮೊದಲು ಕೇಳಿ, ಹೆಣ್ಣುಮಕ್ಕಳ ಪದವಾದರೆ ಮನೆಯ ಹಿರಿಯ ಹೆಂಗಸರ ಮೂಲಕವೇ ಕೇಳುವುದು ಒಳ್ಳೆಯದು, ಅವರ ಮಾತು ತಿಳಿಯದೆ ಅದನ್ನು ಬೇರೆಲ್ಲೂ ಹಾಕಬೇಡಿ. ಫೋನನ್ನು ದಮ್ಮಡಿಯಿಂದ ಮೂರು ನಾಲ್ಕು ಮೊಳ ದೂರ ಇಡಿ, ಇಲ್ಲವಾದರೆ ಬಡಿತದ ಸದ್ದಿಗೆ ದನಿ ಒಡೆಯುತ್ತದೆ. ಹಾಡಿಗಿಂತ ಒಂದು ನಿಮಿಷ ಮೊದಲೇ ಶುರುಮಾಡಿ, ಮುಗಿದ ಮೇಲೂ ಒಂದು ನಿಮಿಷ ಬಿಡಿ. ಆ ನಡುವಿನ ಕೆಮ್ಮು, ಚಹಾಕ್ಕೆ ಕರೆಯುವ ದನಿ, ನಾಯಿಯ ಬೊಗಳು ಮುಂದೆ ಬಹಳ ಬೆಲೆಬಾಳುತ್ತವೆ. ತತ್ವಪದವಾದರೆ ಕೊನೆಯ ನುಡಿಯನ್ನು ಗಮನವಿಟ್ಟು ಕೇಳಿ, ಪದ ಕಟ್ಟಿದವರ ಗುರುತಾದ ಅಂಕಿತ ಬರುವುದು ಅಲ್ಲಿಯೇ. ಕಡಕೋಳ ಮಡಿವಾಳಪ್ಪನವರ ಪದಗಳೂ ಚನ್ನೂರ ಜಲಾಲಸಾಹೇಬರ ಪದಗಳೂ ಒಂದೇ ರಾತ್ರಿಯ ಭಜನೆಯಲ್ಲಿ ಒಂದರ ಹಿಂದೊಂದು ಬರಬಹುದು, ಒಂದೇ ಪದ ಊರಿಂದೂರಿಗೆ ಬೇರೆ ಧಾಟಿಯಲ್ಲಿಯೂ ಇರಬಹುದು. ಅಂಕಿತದ ಜೊತೆಗೆ ಊರಿನ ಹೆಸರನ್ನೂ ಬರೆಯಬೇಕಾಗುವುದು ಅದಕ್ಕೇ.

ಕೆಲವು ಪದಗಳು ಹಳೆಯ ಕ್ಯಾಸೆಟ್ಟಿನಲ್ಲಿ ಮಾತ್ರ ಉಳಿದಿರುತ್ತವೆ, ಅವನ್ನು ಆ ವರ್ಷ ಹೊರತೆಗೆದು ಕೇಳಿದ್ದರೆ ಅವೂ ಆ ವರ್ಷದವೇ. ಕಲಬುರಗಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ತಗಡಿನ ಕೆಳಗೆ ಅಟ್ಟದಲ್ಲಿಟ್ಟ ಕ್ಯಾಸೆಟ್ಟಿನ ಕವಚ ಸೊಟ್ಟಗಾಗಿರಬಹುದು, ಟೇಪಿನ ಮೇಲೆ ಬಿಳಿಯ ಬೂಸು ಹತ್ತಿರಬಹುದು. ಬೂಸು ಕಂಡರೆ ಹಾಕಬೇಡಿ, ಪ್ಲೇಯರೂ ಕೆಡುತ್ತದೆ. ಟೇಪು ಸಡಿಲವಾಗಿದ್ದರೆ ಪೆನ್ಸಿಲ್ ತೂರಿಸಿ ನಿಧಾನವಾಗಿ ಸುತ್ತಿ, ಆಮೇಲೆ ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಓಡಿಸಿ. ಪ್ಲೇಯರಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಕಡ್ಡಿಯಿಂದ ಒರೆಸಿ ಒಣಗಲು ಬಿಡಿ. ಇಯರ್‌ಫೋನ್ ಕಿಂಡಿಯಿಂದ ಲ್ಯಾಪ್‌ಟಾಪಿನ ಲೈನ್ ಇನ್ ಕಿಂಡಿಗೆ 3.5 ಮಿಲಿಮೀಟರ್ ಕೇಬಲ್ ಜೋಡಿಸಿ, ಅದು ಇಲ್ಲದ ಲ್ಯಾಪ್‌ಟಾಪಿಗೆ ಯುಎಸ್‌ಬಿ ಸೌಂಡ್ ಕಾರ್ಡ್ ಬೇಕಾಗುತ್ತದೆ. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಮುದ್ರಿಸಿ ಡಬ್ಲ್ಯೂಎವಿ ಕಡತವಾಗಿ ಉಳಿಸಿ. ಸಿ.ಡಿ. ಗುಣಮಟ್ಟದಲ್ಲಿ ನಿಮಿಷಕ್ಕೆ ಸುಮಾರು 10 ಎಂಬಿ ಬೇಕಾಗುವುದರಿಂದ 60 ನಿಮಿಷದ ಕ್ಯಾಸೆಟ್ಟಿಗೆ 600 ಎಂಬಿ ಹಿಡಿಯುತ್ತದೆ. ಕ್ಯಾಸೆಟ್ಟಿನ ಮೇಲಂಚಿನ ಎರಡು ಚಿಕ್ಕ ಪ್ಲಾಸ್ಟಿಕ್ ತುಣುಕುಗಳನ್ನು ಮುರಿದುಬಿಟ್ಟರೆ ಯಾರೂ ತಿಳಿಯದೆ ಅದರ ಮೇಲೆ ಬೇರೆ ಮುದ್ರಿಸಲಾರರು.

ಜೋಡಿಸುವಾಗ ಒಂದು ಕ್ರಮವನ್ನು ಬಿಡದೆ ಪಾಲಿಸಿ: ಫೋಟೊವನ್ನು ಮಗುಚಿಟ್ಟು, ಮೊದಲು ಪದವನ್ನು ಪೂರ್ತಿ ಕೇಳಿ, ಕೇಳುತ್ತ ಕಣ್ಣ ಮುಂದೆ ಬಂದದ್ದನ್ನು ಎರಡು ಮೂರು ಸಾಲಿನಲ್ಲಿ ಬರೆದು, ಆಮೇಲೆ ಫೋಟೊ ತಿರುಗಿಸಿ. ಫೋಟೊ ಮೊದಲು ನೋಡಿದರೆ ನೆನಪು ಅದರಲ್ಲಿ ಇದ್ದುದನ್ನಷ್ಟೇ ಒಪ್ಪಿಸಿ ಸುಮ್ಮನಾಗುತ್ತದೆ. ಒಂದು ವರ್ಷ ತೊಗರಿ ರಾಶಿಯ ದಿನ ಅವ್ವ ಹಾಡಿದ ಬೀಸುವ ಪದವನ್ನು ಕೇಳಿ ನಾನು, "ಆಯಿ ಚೀಲದ ಮೇಲೆ ಕುಳಿತು ದನಿಗೂಡಿಸುತ್ತಿದ್ದಾಳೆ" ಎಂದು ಬರೆದೆ. ಫೋಟೊ ತಿರುಗಿಸಿದರೆ ಚೀಲಗಳ ಮೇಲೆ ಯಾರೂ ಇರಲಿಲ್ಲ. ಆ ವಾರ ಆಯಿ ಕಲಬುರಗಿಯ ಆಸ್ಪತ್ರೆಯಲ್ಲಿದ್ದಳು. ಅವ್ವನಿಗೆ ತೋರಿಸಿದಾಗ, "ಆಕಿ ಪದಾನೇ ಅಲ್ಲೇನೋ ತಮ್ಮಾ ಅದು, ಆಕಿ ಇಲ್ದಂಗ ಹ್ಯಾಂಗ ಕೇಳ್ತದ" ಎಂದಳು. ಇಂಥ ತಪ್ಪು ಸಾಲನ್ನು ಹೊಡೆದುಹಾಕಬೇಡಿ. ಅದನ್ನು ಹಾಗೆಯೇ ಇಟ್ಟು, ಫೋಟೊ ಹೇಳಿದ್ದನ್ನು ಅದರ ಕೆಳಗೆ ಬರೆಯಿರಿ.

ಆರಿಸಿದ ಫೋಟೊಗಳನ್ನು ಸ್ಟುಡಿಯೊದಲ್ಲಿ 4×6 ಅಂಗುಲದ ಕಾಗದದ ಮೇಲೆ ಹಾಕಿಸಿ, ಹಿಂಬದಿಯಲ್ಲಿ ತಾರೀಖು, ಊರು, ಪದದ ಮೊದಲ ಸಾಲನ್ನು ಮೆತ್ತನೆಯ ಪೆನ್ಸಿಲಿನಿಂದ ಬರೆಯಿರಿ. ಬಾಲ್ ಪೆನ್ನಿನ ಒತ್ತು ಮುಂಬದಿಯಲ್ಲಿ ಗೀರಾಗಿ ಮೂಡುತ್ತದೆ. ಹಾಡಿನ ಕಡತಗಳಿಗೂ ತಾರೀಖಿನಿಂದಲೇ ಶುರುವಾಗುವ ಹೆಸರು ಕೊಡಿ. ಒಂದು ಪ್ರತಿ ಫೋನಿನಲ್ಲಿ, ಒಂದು ಹಾರ್ಡ್ ಡಿಸ್ಕಿನಲ್ಲಿ, ಮತ್ತೊಂದು ಬೇರೆ ಊರಿನ ಬಂಧುಗಳ ಮನೆಯಲ್ಲಿ ಇರಲಿ.

ಎಳ್ಳ ಅಮಾವಾಸ್ಯೆಯ ಸಂಜೆ, ಹೊಲದಿಂದ ಬಂದ ಮೇಲೆ, ಮನೆಮಂದಿಯನ್ನು ಕೂರಿಸಿ ಇವನ್ನು ಕೇಳಿಸಿ. ಒಂದು ಪದಕ್ಕೆ ನಾಲ್ಕು ನಿಮಿಷ ಹಿಡಿದರೂ ಹನ್ನೆರಡಕ್ಕೆ 48 ನಿಮಿಷ ಸಾಕು. ಯಾವುದೋ ಮಾಸಕ್ಕೆ ಫೋಟೊ ಇದ್ದು ಪದ ಸಿಗದಿದ್ದರೆ ಸಿನಿಮಾ ಹಾಡಿನಿಂದ ಆ ಜಾಗವನ್ನು ತುಂಬಬೇಡಿ, ಪುಟವನ್ನು ಖಾಲಿ ಬಿಡಿ. ಖಾಲಿ ಪುಟ ಬಂದಾಗ ನಾನು ಫೋಟೊವನ್ನು ಮಾತ್ರ ಸುತ್ತ ಕೊಡುತ್ತೇನೆ, ಯಾರಾದರೂ ಆ ದಿನದ ಒಂದು ಸಾಲನ್ನು ಗುನುಗುತ್ತಾರೆಯೇ ಎಂದು ಕಾಯುತ್ತೇನೆ. ಹೋದ ವರ್ಷದ ಆಷಾಢದ ಪುಟ ಹಾಗೆ ಖಾಲಿಯಿತ್ತು. ಬಿತ್ತನೆಯ ಆ ಫೋಟೊವನ್ನು ಕೈಯಲ್ಲಿ ಹಿಡಿದ ಕಾಕಾ ಕೂರಿಗೆಯ ಹಿಂದೆ ಹಾಡಿದ ಪದವನ್ನು ಅಲ್ಲಿಯೇ ಎತ್ತಿಕೊಂಡರು, ನಾನು ಫೋನನ್ನು ಅವರ ಕಡೆ ಸರಿಸಿದೆ.