ಎರಡು ಸೆಲೆರಾನ್‌ಗಳ ಕಂಪ್ಯೂಟರ್: ಹಾಸನದ ಡಿಟಿಪಿ ಅಂಗಡಿಯಲ್ಲಿ ನನ್ನ ಅನುಭವ

2000ದ ಸುಮಾರಿಗೆ ಹಾಸನದಲ್ಲಿ ಡಿಟಿಪಿ ಕೆಲಸ ಮಾಡುತ್ತಿದ್ದಾಗ, ಒಂದು ಪುಸ್ತಕದ ಪುಟಗಳು ಅಚ್ಚಿಗೆ ಸಿದ್ಧವಾಗುತ್ತಿರುವಾಗಲೂ ಪುಟವಿನ್ಯಾಸದ ತಂತ್ರಾಂಶವಾದ ಪೇಜ್‌ಮೇಕರ್‌ನಲ್ಲಿ ಮುಂದಿನ ಪುಸ್ತಕದ ಕೆಲಸ ನಿಲ್ಲದಂಥ ಯಂತ್ರ ನನಗೆ ಬೇಕಾಗಿತ್ತು. ಇಂಟೆಲ್‌ನ ದುಬಾರಿ ಪ್ರೊಸೆಸರ್ ಪೆಂಟಿಯಂ 3 ಕೈಗೆಟುಕುವಂತಿರಲಿಲ್ಲ. ಆದ್ದರಿಂದ ಅಬಿಟ್ ಕಂಪನಿ 1999ರಲ್ಲಿ ಹೊರತಂದಿದ್ದ ಬಿಪಿ6 ಮದರ್‌ಬೋರ್ಡನ್ನೂ ಇಂಟೆಲ್‌ನದೇ ಅಗ್ಗದ ಪ್ರೊಸೆಸರ್ ಆದ ಸೆಲೆರಾನ್‌ನ 366 ಮೆಗಾಹರ್ಟ್ಸ್‌ನ ಎರಡು ಚಿಪ್‌ಗಳನ್ನೂ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿ ನಾನೇ ಜೋಡಿಸಿದೆ.

ಇಂಟೆಲ್ ಸೆಲೆರಾನನ್ನು ಒಂಟಿ ಪ್ರೊಸೆಸರಿನ ಕಂಪ್ಯೂಟರ್‌ಗಳಿಗೆಂದೇ ಮಾರುತ್ತಿತ್ತು. ಮದರ್‌ಬೋರ್ಡಿನ ಸ್ಲಾಟಿಗೆ ಕಾರ್ಡಿನಂತೆ ಸಿಕ್ಕಿಸುವ ಮಾದರಿಯವುಗಳನ್ನು ಜೋಡಿಯಾಗಿ ಬಳಸಲು ಅವುಗಳ ಸರ್ಕ್ಯೂಟ್ ಬೋರ್ಡನ್ನೇ ಕೊರೆದು ತಂತಿ ಬೆಸೆಯಬೇಕಿತ್ತು. ಸಾಕೆಟ್ 370 ಎಂಬ ಚೌಕಾಕಾರದ ಸಾಕೆಟ್ಟಿನಲ್ಲಿ ಕೂರುವ ಚಿಪ್‌ಗಳನ್ನು ಮಾತ್ರ ಬಿಪಿ6 ಯಾವ ಮಾರ್ಪಾಡೂ ಇಲ್ಲದೆ ಒಪ್ಪಿಕೊಂಡಿತು. 128 ಕೆಬಿ ಎಲ್2 ಕ್ಯಾಶ್ (ಪದೇಪದೇ ಬೇಕಾಗುವ ಮಾಹಿತಿಯನ್ನು ಹತ್ತಿರದಲ್ಲೇ ಇಟ್ಟುಕೊಳ್ಳುವ ವೇಗದ ಮೆಮೊರಿ) ಚಿಪ್ಪಿನೊಳಗೇ ಇದ್ದು ಪ್ರೊಸೆಸರಿನ ಪೂರ್ಣ ವೇಗದಲ್ಲಿ ಓಡುತ್ತಿದ್ದುದರಿಂದ, ಬೆಲೆ ಕಡಿಮೆಯೆಂದು ಅದನ್ನು ಕಡೆಗಣಿಸುವಂತಿರಲಿಲ್ಲ.

ವಿಂಡೋಸ್ 98 ಎರಡನೆಯ ಪ್ರೊಸೆಸರನ್ನು ಬಳಸುವುದೇ ಇಲ್ಲ. ಹಾಗಾಗಿ ಎರಡೂ ಚಿಪ್‌ಗಳನ್ನು ಕೂರಿಸಿದ ಮೇಲೆಯೇ ವಿಂಡೋಸ್ 2000 ಪ್ರೊಫೆಷನಲ್ ಹಾಕಿದೆ. ಟಾಸ್ಕ್ ಮ್ಯಾನೇಜರ್ ತೆರೆದರೆ ಪ್ರೊಸೆಸರಿಗೊಂದರಂತೆ ಬಳಕೆ ತೋರಿಸುವ ಎರಡು ಗ್ರಾಫ್‌ಗಳು ಅಕ್ಕಪಕ್ಕದಲ್ಲಿ ಕಾಣಿಸಿದವು. ಪುಟಗಳನ್ನು ಅಚ್ಚಿಗೆ ಸಿದ್ಧಪಡಿಸುವ ಘೋಸ್ಟ್‌ಸ್ಕ್ರಿಪ್ಟ್ ಒಂದನ್ನೇ ಓಡಿಸಿದಾಗ ಒಟ್ಟು ಬಳಕೆ ಶೇ. 50ರ ಆಸುಪಾಸಿನಲ್ಲೇ ನಿಲ್ಲುತ್ತಿತ್ತು, ಏಕೆಂದರೆ ಅದು ಆಗ ಏಕಕಾಲದಲ್ಲಿ ಒಂದೇ ಪ್ರೊಸೆಸರನ್ನು ಬಳಸುವ ತಂತ್ರಾಂಶವಾಗಿತ್ತು. ಅದು ಓಡುತ್ತಿರುವಾಗಲೇ ಪೇಜ್‌ಮೇಕರ್‌ನಲ್ಲಿ ಪುಟ ತಿರುವಿದರೆ ಸ್ವಲ್ಪವೂ ತಡವರಿಸುತ್ತಿರಲಿಲ್ಲ; ನನ್ನ ಮಟ್ಟಿಗೆ ಅಷ್ಟರಿಂದಲೇ ಹಾಕಿದ ಹಣ ಸಾರ್ಥಕವಾಗಿತ್ತು. ಅವಸರದ ಪುಸ್ತಕ ಬಂದಾಗ ಪಿಡಿಎಫನ್ನು ಮೊದಲರ್ಧ, ಕೊನೆಯರ್ಧ ಎಂದು ಪುಟಸಂಖ್ಯೆಯಿಂದ ಭಾಗಮಾಡಿ, ಎರಡು ಘೋಸ್ಟ್‌ಸ್ಕ್ರಿಪ್ಟ್‌ಗಳನ್ನು ಒಟ್ಟಿಗೆ ಓಡಿಸುತ್ತಿದ್ದೆ. ಆಗ ಎರಡೂ ಗ್ರಾಫ್‌ಗಳು ಮೇಲಕ್ಕೇರಿ ನಿಲ್ಲುತ್ತಿದ್ದವು.

ಆದರೂ ಸಮಯ ಸರಿಯಾಗಿ ಅರ್ಧಕ್ಕೆ ಇಳಿಯುತ್ತಿರಲಿಲ್ಲ. ಕೆಲಸದ ಶೇ. 80ರಷ್ಟನ್ನು ಹಂಚಬಹುದಾದರೆ ಎರಡು ಪ್ರೊಸೆಸರ್‌ಗಳಿಂದ ಸಿಗುವ ವೇಗ ಹೆಚ್ಚೆಂದರೆ 1.67 ಪಟ್ಟು ಎಂಬುದು ಆಮ್ಡಾಲ್ ನಿಯಮದ ಲೆಕ್ಕ. ಅದರ ಮೇಲೆ, 66 ಮೆಗಾಹರ್ಟ್ಸ್‌ನ ಒಂದೇ ಬಸ್ಸಿನ (ಮಾಹಿತಿ ಸಾಗುವ ದಾರಿಯ) ಮೂಲಕ ಎರಡೂ ಪ್ರೊಸೆಸರ್‌ಗಳು ಮೆಮೊರಿಯನ್ನು ತಲುಪಬೇಕಿತ್ತು. ಬರೀ ಅಕ್ಷರವಿರುವ ಪುಟಗಳಲ್ಲಿ ಲಾಭ ಎದ್ದು ಕಾಣುತ್ತಿತ್ತು. ದೊಡ್ಡ ಫೋಟೊಗಳಿರುವ ಸ್ಮರಣ ಸಂಚಿಕೆಗಳಲ್ಲಿ ಅಷ್ಟಿರಲಿಲ್ಲ.

ಹಳೆಯ ಬಿಪಿ6ಗೆ ಈಗ ಮತ್ತೆ ಜೀವ ಕೊಡಲು ಹೊರಟವರು ನಾನು ಬಳಸಿದಂಥ ಮೆಂಡೊಸಿನೊ ಪೀಳಿಗೆಯ, ಒಂದೇ ವೇಗದ ಎರಡು ಸೆಲೆರಾನ್‌ಗಳನ್ನೇ ಹುಡುಕಬೇಕು. ಅದರ ನಂತರ ಬಂದ ಕಾಪರ್‌ಮೈನ್ ಸೆಲೆರಾನ್‌ಗಳಲ್ಲಿ ಜೋಡಿಯಾಗಿ ದುಡಿಯುವ ಸೌಲಭ್ಯವನ್ನು ಇಂಟೆಲ್ ತೆಗೆದುಹಾಕಿದೆ.